ಏಳನೆಯ ಮಣಿ

ಸೀಸದ ಏಪ್ರನ್ ತೊಟ್ಟು ದಿನಕ್ಕೆ ಐದು ತಾಸು ನಿಲ್ಲುವ ನನಗೆ
ಹೆಗಲ ಭಾರ ಏನೆಂದು ಯಾರೂ ಕಲಿಸಬೇಕಿಲ್ಲ.
ಆದರೂ ಭೀಮಶಾನ ಹೆಗಲೇ ಬೇರೆ.
ಕಲಬುರಗಿ ಗಂಜಿನಲ್ಲಿ ಇಪ್ಪತ್ತಾರು ವರ್ಷ
ತೊಗರಿ ಚೀಲ ಕೂತೆದ್ದ ಜಾಗ ಅದು.
ಕತ್ತಿನ ಬುಡದ ಚರ್ಮ
ನೊಗ ಹೊತ್ತ ಎತ್ತಿನದರಂತೆ ಜಡ್ಡುಗಟ್ಟಿದೆ.

ನೋವು ಅಲ್ಲಿಂದಲೇ ಹೊರಟು
ಎಡಗೈಗುಂಟ ಇಳಿದು
ನಡುಬೆರಳ ತುದಿಗೆ ಬಂದು ಕೂಡುತ್ತದಂತೆ.
ರಾತ್ರಿ ಆ ಕೈ ತಲೆಯ ಮೇಲಿಟ್ಟರಷ್ಟೇ ನಿದ್ದೆ.
"ಪೊಲೀಸ್ರು ಹಿಡದಾರೇನು ನಿನಗ?"
ಹೆಂಡತಿ ನಗುತ್ತಾಳಂತೆ.

ಬೋರಲು ಮಲಗಿದ.
ಸಿ-ಆರ್ಮಿನ ಬಾಗಿದ ತೋಳನ್ನು ದೂಡಿ ತಂದು
ಅವನ ಕತ್ತಿನ ಮೇಲೆ ನಿಲ್ಲಿಸಿದೆ.

"ಸೂಜಿ ಚುಚ್ಚಲಿಕ್ಕ ಟಿವಿ ಯಾಕ್ರಿ ಮೇಡಂ?
ನಮ್ಮ ಗಂಜಿನಾಗ ದಲಾಲರು ಪರಖಿ ಚುಚ್ಚತಾರ,
ಒಳಗ ಏನದ ಅಂತ ಮೊದಲ ನೋಡ್ತಾರೇನು?
ಚುಚ್ಚತಾರ, ಒಂದು ಹಿಡಿ ತೊಗರಿ ಹೊರಗ ಬರ್ತದ, ಮುಗೀತು."

ಡಾಕ್ಟರ್ ನಿಖತ್ ಮಾಸ್ಕಿನೊಳಗೇ ನಕ್ಕರು.
"ಚೀಲದಾಗ ಬರೇ ತೊಗರಿ ಅದ ಭೀಮಶಾ. ನಿನ್ನಾಗ..."
ಅಷ್ಟಕ್ಕೇ ನಿಲ್ಲಿಸಿದರು.

ಅವರು ಬಿಟ್ಟದ್ದು ನನಗೆ ಗೊತ್ತು.
ಸೂಜಿ ಹೋಗಿ ನಿಲ್ಲಬೇಕಾದ ಜಾಗ
ಒಂದು ತೊಗರಿಬೇಳೆಯ ದಪ್ಪ.
ಅದರಾಚೆ ಕಿರುಬೆರಳಷ್ಟು ಗಾತ್ರದ ಹುರಿ.
ಅದಕ್ಕೆ ತಾಗಿದರೆ
ಕೈಯಷ್ಟೇ ಅಲ್ಲ, ಕಾಲೂ, ಉಸಿರೂ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ
ಹಿರಿಯರೊಬ್ಬರು ಕತ್ತು ತಡವಿ, ಮಣಿ ಎಣಿಸಿ,
ಅಂದಾಜಿನ ಮೇಲೆ ಸೂಜಿ ಇಳಿಸುತ್ತಿದ್ದರು.
ಒಳ್ಳೆಯ ಬೆರಳು ಅವರದು, ಸುಳ್ಳಾಡಬಾರದು.
ಆದರೆ ಬೆರಳಿಗೆ ಕಣ್ಣಿಲ್ಲ.
ಒಂದು ದಿನ ಅವರು ಬಾಗಿಲ ಹೊರಗೆ ಬೆಂಚಿನ ಮೇಲೆ
ಬಹಳ ಹೊತ್ತು ಕೂತಿದ್ದರು.
ಯಾಕೆಂದು ನಾನು ಕೇಳಲಿಲ್ಲ.

ಪರದೆಯ ಮೇಲೆ ಬೂದು ಬಣ್ಣದಲ್ಲಿ
ಏಳನೆಯ ಮಣಿ,
ಅದರ ಕೆಳಗೆ ಎದೆಯ ಮೊದಲನೆಯದು,
ನಡುವೆ ಬಾಗಿಲು ಓರೆ ಮಾಡಿದಷ್ಟು ಸಂದು.
ಪಕ್ಕದಿಂದ ನೋಡಹೋದರೆ
ಹಮಾಲನ ಹೆಗಲೇ ಅಡ್ಡ.
ಇಷ್ಟು ವರ್ಷ ಕತ್ತನ್ನು ಕಾದದ್ದೂ ಅದೇ,
ಈಗ ಮರೆಮಾಡಿದ್ದೂ ಅದೇ.
ತೋಳನ್ನು ಐವತ್ತು ಡಿಗ್ರಿ ಓರೆಗೆ ತಿರುಗಿಸಿದೆ.
ಸೂಜಿಯ ತುದಿ ಕಂಡಿತು.

"ಅಲುಗಬ್ಯಾಡ ಭೀಮಶಾ."
"ಚೀಲ ಹೊತ್ತಾಗ ಅಲುಗ್ತೀವೇನ್ರಿ."

ಮದ್ದಿಗಿಂತ ಮೊದಲು ಬಣ್ಣ, ಒಂದೆರಡು ಹನಿ.
ಬಿಟ್ಟರು.
ಗೆರೆಯಾಗಿ ನಿಲ್ಲಬೇಕಾದದ್ದು
ನಿಲ್ಲಲಿಲ್ಲ.
ಆಳಂದಕ್ಕೆ ಹೋಗಬೇಕಾದವರು
ಜೇವರ್ಗಿ ಬಸ್ಸು ಹತ್ತಿದಂತೆ
ಸರ್ರನೆ ಬೇರೆ ದಾರಿ ಹಿಡಿದು ಮಾಯ.
"ರಕ್ತನಾಳ," ಎಂದರು ನಿಖತ್,
ಯಾರದೋ ವಿಳಾಸ ಓದಿದಷ್ಟು ಮೆಲ್ಲಗೆ.

ಸೂಜಿ ಹಿಂದೆ ಬಂತು.
ಏಸಿಯ ಸದ್ದು ಅಷ್ಟು ಜೋರಾಗಿತ್ತೆಂದು
ನನಗೆ ಆಗಲೇ ಗೊತ್ತಾದದ್ದು.

ಮತ್ತೆ ಚಿತ್ರ. ಮತ್ತೆ ಓರೆ. ಮತ್ತೆ ಕೂದಲೆಳೆಯಷ್ಟು ಮುಂದೆ.
ಎರಡನೆಯ ಸಲದ ಬಣ್ಣ
ಚೀಲದ ಬಾಯಿ ಹೊಲಿದ ಸುತಳಿಯ ಹಾಗೆ
ಮೇಲಕ್ಕೊಂದಿಷ್ಟು, ಕೆಳಕ್ಕೊಂದಿಷ್ಟು ಹರಿದು
ಅಂಟಿ ನಿಂತಿತು.
ಆಮೇಲೆ ಮದ್ದು.
ಒತ್ತಾಯವಿಲ್ಲದೆ.

ಅರ್ಧ ತಾಸಿನ ನಂತರ ಎದ್ದು ಕೂತು
ಐದೂ ಬೆರಳು ಮಡಚಿ ಬಿಚ್ಚಿ ನೋಡಿಕೊಂಡ.
"ಫೋಟೋ ತೋರಸ್ರಿ," ಎಂದ.
ತೋರಿಸಿದೆ.
"ಇದೇನ್ರಿ? ಇಷ್ಟೇನ್ರಿ?
ಇದರ ಮ್ಯಾಲೇ ಹೊತ್ತೀನೇನು ಅಷ್ಟೆಲ್ಲಾ?"

ಎಷ್ಟು ದಿನ ಚೀಲ ಮುಟ್ಟಬಾರದೆಂದು
ಡಾಕ್ಟರ್ ಚೀಟಿಯಲ್ಲಿ ಬರೆದರು.
ಓದದೆ ಮಡಚಿ ಜೇಬಿಗಿಟ್ಟ.

ಬಾಗಿಲ ತನಕ ಹೋಗಿ ತಿರುಗಿದ:
"ಮೊದಲಿನ ಬಣ್ಣ ತಪ್ಪಿ ಹೋತಲ್ರಿ, ಎಲ್ಲಿ ಹೋತ್ರಿ ಅದು?"
ಕೇಳಿಸಿಕೊಂಡಿದ್ದಾನೆ, ಎಲ್ಲವನ್ನೂ.
"ಚಿಂತಿ ಮಾಡಬ್ಯಾಡ. ಉಚ್ಚಿಯಾಗ ಹೋಗ್ತದ."

ನಕ್ಕ. ನಗುವಾಗ ಕತ್ತು ಅಲುಗಿತು.
ನಗು ಅರ್ಧಕ್ಕೇ ನಿಂತಿತು,
ನೋವು ಬರುವುದನ್ನು ಕಾಯುತ್ತ,
ಆಮೇಲೆ ಮೆಲ್ಲಗೆ
ಮುಂದುವರಿಯಿತು.